ಅಪ್ಪನ ಪಾಪ್ಲರ್

ಐಜಿರೆಕ್ ಬೆಳಗ್ಗಿನಿಂದ ಒಂದು ಮರದ ಮುಂದೂ ನೆಟ್ಟಗೆ ನಿಂತಿರಲಿಲ್ಲ. ಬಿಷ್ಕೆಕ್ಕಿನ ಬೀದಿಮರಗಳ ಅಧ್ಯಯನಕ್ಕೆ ಸ್ವಯಂಸೇವಕರು ಬೇಕೆಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ಅವಳೇ. ಟೇಪು ಸುತ್ತಿ ಕಾಂಡದ ಅಳತೆ ತೆಗೆಯಬೇಕು, ಒಳಗೆ ಟೊಳ್ಳಿದೆಯೇ ಎಂದು ಮರದ ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು, ಗೊತ್ತಾದದ್ದನ್ನು ಫೋನಿಗೆ ತುಂಬಬೇಕು, ಅಷ್ಟೇ. ಆದರೆ ಇವತ್ತು ಅವಳದೇ ಬೀದಿ. ಬೀದಿಯ ಕೊನೆಯಲ್ಲಿ, ಶಿಶುವಿಹಾರದ ಬೇಲಿಯ ಮೇಲೆ ವಾಲಿಕೊಂಡು, ಅಪ್ಪನ ಪಾಪ್ಲರ್.

ಗಂಡುಮಗು ಹುಟ್ಟಿತೆಂದು ಅಜ್ಜ ಕಾಲುವೆಯಂಚಿಗೆ ನೆಟ್ಟ ಮರ. ಅದು ನಿಂತಿರುವತನಕ ಮಗನೂ ನಿಂತಿರುತ್ತಾನೆ ಎಂದು ಅಜ್ಜಿ ಕಲ್‌ಬೂಬೂ ಕಥೆ ಹೇಳಿ ಹೇಳಿಯೇ ಐಜಿರೆಕ್‌ಳನ್ನು ಬೆಳೆಸಿದ್ದಳು. ಈಗ ಅಪ್ಪ ಆಸ್ಪತ್ರೆಯಲ್ಲಿದ್ದ. ನಾಳೆ ಹೃದಯದ ಆಪರೇಷನ್.

ವಸಂತ ಬಂತೆಂದು ಬೀದಿಯವರೆಲ್ಲ ಮರಗಳಿಗೆ ಮೊಣಕಾಲೆತ್ತರ ಸುಣ್ಣ ಬಳಿದಿದ್ದರು. ಈ ಮರಕ್ಕೆ ಮಾತ್ರ ಎದೆಯತನಕ.

ತಟ್ಟಿದಳು. ಡುಬ್. ನೀರು ಕುಡಿದು ಬಂದು ಮತ್ತೆ ತಟ್ಟಿದಳು.

“ತಟ್ತಿದ್ದೀಯೋ, ಲಾಲಿ ಹಾಡ್ತಿದ್ದೀಯೋ?” ಜೊತೆಗಿದ್ದ ತಿಲೆಕ್ ನಕ್ಕು ಸುತ್ತಿಗೆ ಕಿತ್ತುಕೊಂಡ. ಒಂದೇ ಏಟಿಗೆ ಸುಣ್ಣದ ಹಕ್ಕಳೆಯೆದ್ದು, ಒಳಗಿಂದ ಒಣಹುಲ್ಲು ಬೆರೆತ ಜೇಡಿಮಣ್ಣು ದೊಪ್ಪನೆ ಬಿತ್ತು. “ಅಯ್ಯೋ, ಯಾರೋ ಮರಕ್ಕೆ ಗೋಡೆ ಕಟ್ಟಿದ್ದಾರಲ್ಲೇ!”

“ನಾನೇ ಮೆತ್ತಿದ್ದು. ಏನೀಗ?” ಹಿಟ್ಟಿನ ಕೈಯಲ್ಲೇ ಅಜ್ಜಿ ಮನೆಬಾಗಿಲಿಗೆ ಬಂದಿದ್ದಳು. “ಗಾಯಕ್ಕೆ ಪಟ್ಟಿ ಕಟ್ಟೋದು ತಪ್ಪಾ?”

“ಒಳಗೆಲ್ಲಾ ಟೊಳ್ಳು ಅಜ್ಜಿ,” ಎಂದಳು ಐಜಿರೆಕ್.

“ನಾಳೆ ಒಂದು ದಿನ ಕಳೀಲಿ, ಆಮೇಲೆ ಬರಕೋ. ನಿನ್ನಪ್ಪ ಕಣೇ ಅದು!”

ಗಾಳಿ ಬೀಸಿತು. ಮರ ಕಿರ್ರೆಂದಿತು. ಬೇಲಿಯಾಚೆ ಬಾಗಿಲು ತೆರೆದು ಮಕ್ಕಳು ಕೂಗುತ್ತಾ ಅಂಗಳಕ್ಕೆ ನುಗ್ಗಿದರು. ಐಜಿರೆಕ್ ಮಕ್ಕಳನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಕಣ್ಣು ಮುಚ್ಚಿಕೊಂಡು ಫೋನಿನಲ್ಲಿ ‘ಬೀಳುವ ಅಪಾಯವಿದೆ’ ಎಂಬುದನ್ನು ಒತ್ತಿಬಿಟ್ಟಳು. ಇನ್ನು ಈ ಮರವನ್ನು ಕಡಿದೇ ಕಡಿಯುತ್ತಾರೆ. ತಿಲೆಕ್ ಬೇಲಿಯ ಕಡೆಗೋಡಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂದು ಕೂಗಿದ.

ಅಜ್ಜಿ ಒಳಗೆ ಹೋದಳು. ಇನ್ನು ಮಾತಾಡಿಸುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಚಾಕು ಹಿಡಿದು ಬಂದಳು.

“ಸುಮ್ನೆ ನಿಂತ್ರೆ ಏನು ಬಂತು? ಒಂದು ಎಳೇ ಕೊಂಬೆ ಕೊಯ್ದುಕೊಡು.”

ಬೇಲಿಯಿಂದ ದೂರ, ಕಾಲುವೆಯ ಒದ್ದೆಮಣ್ಣಿನಲ್ಲಿ ಅದನ್ನು ಊರಿದರು. “ಇದೂ ಅವನೇ,” ಎಂದಳು ಅಜ್ಜಿ, ಯಾರಿಗೋ ಎದುರುತ್ತರ ಕೊಡುವವಳಂತೆ.

ಮರುದಿನ ಐಜಿರೆಕ್‌ಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಳು, ಫೋನು ಅಜ್ಜಿಯ ಮಡಿಲಲ್ಲಿತ್ತು. ಐಜಿರೆಕ್ ಚಹಾ ಬಗ್ಗಿಸಿಟ್ಟು, ಕುಡಿಯದೆ ಕೊಂಬೆ ನೋಡಲು ಕಾಲುವೆಗೆ ಓಡುತ್ತಿದ್ದಳು.

“ಕಿತ್ತು ಬೇರು ನೋಡ್ಬೇಡ ಕಣೇ, ಹುಚ್ಚೀ!” ಅಜ್ಜಿ ಗದರಿದಳು.

ಫೋನು ಬಡಿದುಕೊಂಡಿತು. ಅಜ್ಜಿ ಕಿವಿಗಿಟ್ಟುಕೊಂಡು, “ಹೂಂ... ಹೂಂ...” ಎಂದಳು.

“ಎಚ್ಚರ ಆಗಿದೆಯಂತೆ. ನೀರು ನೀರು ಅಂತಿದ್ದಾನಂತೆ. ಡಾಕ್ಟರು ಈಗಲೇ ಬೇಡ ಅಂದ್ರಂತೆ.” ಅಜ್ಜಿ ಸೆರಗಿನಂಥ ತನ್ನ ದೊಡ್ಡ ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. “ಏನ್ ನೋಡ್ತಾ ನಿಂತೆ? ಅವನಿಗಿಲ್ದಿದ್ರೆ ಆ ಕೊಂಬೆಗಾದ್ರೂ ಹಾಕು!”

ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು. ಆದರೂ ಐಜಿರೆಕ್ ಬಿಂದಿಗೆ ತರಲು ಒಳಗೋಡಿದಳು.