ಭಾವನ ಜಾಮೀನು

ಭಾಮೈದನ ಹಾಸಿಗೆ ಕಂಪನಿ ದಿವಾಳಿಯೆದ್ದು ಬೇರೆಯವರ ಪಾಲಾದ ದಿನ ಕನ್ನಡಕದಂಗಡಿಯವನಿಗೆ ಸ್ವರ್ಗಕ್ಕೆ ಮೂರೇ ಗೇಣು. ನೆಂಟ ಮುಳುಗಿದನೆಂದು ಹಿಗ್ಗಬಾರದು, ನಿಜ. ಆದರೆ ಆ ಕಂಪನಿಯ ಬ್ಯಾಂಕ್ ಸಾಲಕ್ಕೆ ಇವನು ಜಾಮೀನು ನಿಂತಿದ್ದ. ನ್ಯಾಯಮಂಡಳಿ ಕಂಪನಿಯನ್ನು ಹೊಸ ಮಾಲೀಕನಿಗೆ ಒಪ್ಪಿಸಿತು, ಬ್ಯಾಂಕು ಸಿಕ್ಕಿದ ಕಾಲುಭಾಗ ತೆಗೆದುಕೊಂಡು ಸುಮ್ಮನಾಯಿತು. ಹಳೇ ಕಂಪನಿಯ ಜೊತೆ ಸಾಲವೂ ಸತ್ತಿತೆಂದು ನಂಬಿದ ಇವನು ಅಂದು ಗಿರಾಕಿಗಳಿಗೆಲ್ಲ ಕನ್ನಡಕದ ಡಬ್ಬಿಯನ್ನು ಪುಕ್ಕಟೆ ಕೊಟ್ಟ.

ದಿನವಿಡೀ ಕಂಡವರಿಂದ ಹಲಗೆಯ ಕೊನೇ ಸಾಲಿನ ಇರುವೆಯಂಥ ಅಕ್ಷರ ಓದಿಸುವ ಈ ಮಹಾನುಭಾವ ಜಾಮೀನು ಪತ್ರದ ಮೊದಲ ಸಾಲನ್ನೂ ಓದಿರಲಿಲ್ಲ. ಹೆಂಡತಿಯ ಒಬ್ಬನೇ ತಮ್ಮ. ಓದಿ ಸಹಿ ಹಾಕಿದರೆ ಅನುಮಾನಪಟ್ಟಂತಲ್ಲವೇ ಎಂದು ಅವನು ಬೆರಳಿಟ್ಟಲ್ಲೆಲ್ಲ ಗೀಚಿದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಮುಂದಿನ ತಿಂಗಳು ಹೆರಿಗೆ ಮಾಡಿಸಲು ಬಂದವಳು ಬ್ಯಾಂಕಿನ ವಸೂಲಿ ಅಧಿಕಾರಿ.

"ಸಾಲ ಮುಗೀತಲ್ಲ ಮೇಡಂ," ಎಂದ ಇವನು, ಅವಳಿಗೊಂದು ಸ್ಟೂಲು ಎಳೆದು.

"ಕಂಪನಿ ಮಟ್ಟಿಗೆ ಮುಗೀತು ಸಾರ್. ಹೊಸಬರು ಕೊಂಡಿದ್ದು ಕಂಪನೀನ, ನಿಮ್ಮ ಸಹೀನಲ್ಲ. ಉಳಿದ ಮುಕ್ಕಾಲು ಭಾಗ ಜಾಮೀನುದಾರರು ಕಟ್ಟಬೇಕು."

"ಹಾಗಾದ್ರೆ ನನ್ನ ಭಾಮೈದನ್ನ ಹಿಡೀರಿ. ಅವನೂ ಸಹಿ ಹಾಕಿದ್ದಾನೆ."

"ಇಬ್ರಲ್ಲಿ ಯಾರ ಹತ್ರ ಸಿಗುತ್ತೋ ಅವರ ಹತ್ರ ತಗೋತೀವಿ. ಅವರ ಹೆಸರಲ್ಲಿ ಒಂದು ಕುರ್ಚಿನೂ ಇಲ್ಲ ಸಾರ್. ನಿಮ್ಮ ಹೆಸರಲ್ಲಿ ಈ ಅಂಗಡಿ ಇದೆ, ಮೇಲೆ ಮನೆ ಇದೆ. ಒಂದೇ ಸಲಕ್ಕೆ ಕಟ್ಟಿದ್ರೆ ಸ್ವಲ್ಪ ಬಿಡ್ತೀವಿ. ಎರಡು ತಿಂಗಳು ಟೈಮು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಇವನು ಗಾದೆ ಎಂದುಕೊಂಡಿದ್ದ. ಅದು ಕಾನೂನೂ ಹೌದೆಂದು ಆಗಲೇ ತಿಳಿದದ್ದು. ತಾನೇ ಮರ ಕೊಯ್ಯಿಸಿ ಮಾಡಿಸಿದ ಗಾಜಿನ ಕಪಾಟುಗಳ ಕಡೆ ನೋಡಿದ.

ಭಾನುವಾರ ಭಾಮೈದ ಹೊಸ ಕಾರಿನಲ್ಲಿ ಬಂದಿಳಿದ. ಕಾರು ಹೊಸ ಮಾಲೀಕನದು. ಕಂಪನಿ ಮುಳುಗಿಸಿದವನಿಗೇ ಅದರ ಒಳಗುಟ್ಟು ಗೊತ್ತಿರುತ್ತದೆಂದು ಆತ ಭಾಮೈದನನ್ನೇ ಸಲಹೆಗಾರನನ್ನಾಗಿ ಇಟ್ಟುಕೊಂಡಿದ್ದ. ಜೀವಮಾನವಿಡೀ ಹಾಸಿಗೆ ಮಾಡಿ ಮಾರಿದರೂ ಹಾಸಿಗೆ ಇದ್ದಷ್ಟು ಕಾಲು ಚಾಚಿದವನಲ್ಲ.

"ನೀನಿರೋ ಬಂಗಲೆ ಮಾರಿ ಸಾಲ ತೀರ್ಸು," ಎಂದ ಕನ್ನಡಕದವನು.

"ಅದು ನಂದಲ್ಲವಲ್ಲ ಭಾವ. ಸಾಲ ತಗೊಳ್ಳೋಕೆ ಎಷ್ಟೋ ವರ್ಷ ಮುಂಚೆನೇ ಅಕ್ಕನ ಹೆಸರಿಗೆ ಬರೆಸಿದ್ದೆ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ." ಹೇಳಿ ಬೀಗಿದ.

ಒಗೆದ ಬಟ್ಟೆ ಮಡಚುತ್ತಿದ್ದ ಅಕ್ಕನ ಕೈ ನಿಂತಿತು. ತಮ್ಮನೆಂದರೆ ಪ್ರಾಣ ಬಿಡುವ ಹೆಂಗಸು. ಅವಳು ಬಾಯಿ ತೆರೆದರೆ ತಮ್ಮನ ವಕೀಲಿಗೇ ಎಂದು ಗಂಡ ಆಸೆ ಬಿಟ್ಟು ಕೂತ.

"ನಾನೂ ಮುಟ್ಟೋ ಹಾಗಿಲ್ವಾ?" ಎಂದಳು.

ಭಾಮೈದ ನಕ್ಕ. ಅಕ್ಕ ನಗದಿದ್ದುದನ್ನು ನೋಡಿ ನಿಲ್ಲಿಸಿದ.

"ಈ ತಿಂಗಳೇ ಮಾರ್ತೀನಿ," ಎಂದಳು. "ಚಿಕ್ಕಂದಿನಿಂದ ನಿನ್ನ ತಪ್ಪನ್ನೆಲ್ಲ ಸೆರಗಲ್ಲಿ ಮುಚ್ಚಿದೆ. ಇವರನ್ನ ಬೀದಿಗೆ ತಂದು ಮುಚ್ಚೋಕಾಗಲ್ಲ ಕಣೋ."

"ಅಕ್ಕ, ಅದು ನನ್ನ ಮನೆ."

"ಹಾಗಂತ ಬ್ಯಾಂಕಿನವರ ಎದುರು ಹೇಳು ನೋಡೋಣ."

ಹೇಳುವ ಹಾಗಿರಲಿಲ್ಲ. ಹೇಳಿದರೆ ಬ್ಯಾಂಕಿನವರು ಅಂದೇ ಬಂದು ಬೀಗ ಹಾಕುತ್ತಿದ್ದರು. ಕನ್ನಡಕದವನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಹೆಂಗಸನ್ನು ತಾನು ಸರಿಯಾಗಿ ನೋಡಿಯೇ ಇರಲಿಲ್ಲ ಎನಿಸಿ ನಾಚಿಕೆಯಾಯಿತು. ಎದ್ದು ಹೋಗಿ ಅವಳ ಕೈ ಹಿಡಿಯೋಣವೆಂದುಕೊಂಡ.

ಅಷ್ಟರಲ್ಲಿ ಅವಳು ತಮ್ಮನ ಪಕ್ಕ ಕೂತು ಅವನ ತಲೆ ಸವರಿದಳು.

"ಅಳಬೇಡ. ನಿನ್ನ ಬೀದಿಗೆ ಬಿಡ್ತೀನಾ? ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಇಲ್ಲಿಗೇ ಬಂದ್ಬಿಡು. ಇರೋವರೆಗೂ ಒಟ್ಟಿಗೆ ಇರೋಣ."

ಭಾಮೈದ ಕಣ್ಣೊರೆಸಿಕೊಂಡು ಮನೆಯನ್ನೆಲ್ಲ ಒಮ್ಮೆ ನೋಡಿದ. "ಗಾಳಿ ಬರೋ ರೂಮು ಯಾವುದು ಭಾವ?"

ಕನ್ನಡಕದವನು ಅಧಿಕಾರಿಯ ಫೋನ್ ನಂಬರು ಹುಡುಕತೊಡಗಿದ. ಮನೆ, ಅಂಗಡಿ ಎರಡನ್ನೂ ತೆಗೆದುಕೊಳ್ಳುವುದಾದರೆ ಬ್ಯಾಂಕಿನವರು ಈಗಲೂ ಒಪ್ಪುತ್ತಾರೇನೋ ಕೇಳಬೇಕಿತ್ತು.