ಪರಡಿ ಬದಲಿಸಿ ನೋಡಿ

ನಾನು ಒಂದು ತಕ್ಕಡಿ. ಕಿರಾಣಿ ಅಂಗಡಿಯ ಕೈತಕ್ಕಡಿಯಲ್ಲ. ತೊಲೆಗೆ ನೇತುಹಾಕಿ ಚೀಲ ತೂಗುವ ದೊಡ್ಡ ತಕ್ಕಡಿ. ಕಮ್ಮಾರ ಮಾನಪ್ಪ ನನ್ನ ಕಬ್ಬಿಣದ ಕೋಲನ್ನು ಬಡಿದು, ದಾರ ಹಿಡಿದು ಅಳೆದು, ನೇತುಹಾಕಲು ನಟ್ಟನಡುವೆ ತೂತು ಕೊರೆದು ಮುಳ್ಳು ಕೂಡಿಸಿದ. ಎರಡೂ ತುದಿಗೆ ಸರಪಳಿ ಬಿಟ್ಟು ಅಗಲವಾದ ಪರಡಿ, ಅಂದರೆ ತಟ್ಟೆ, ಕಟ್ಟಿದ. ಹುಟ್ಟಿದಾಗ ನಾನು ನೆಟ್ಟಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಬೈಗುಳ ಬಿದ್ದದ್ದು ನನಗೇ.

ನನ್ನನ್ನು ಕೊಂಡವನು ಈರಬಸಪ್ಪ ಸಾವ್ಕಾರ. ಸುತ್ತಿನ ಹಳ್ಳಿಗಳ ಒಣಮೆಣಸಿನಕಾಯಿ ಕೊಳ್ಳುವ ವ್ಯಾಪಾರಿ. ಒಂದು ಸುಗ್ಗಿ ಮುಗಿದ ಮೇಲೆ ಪರವೂರಿನ ಕೆಲಸಗಾರನನ್ನು ಕರೆಸಿ, ನನ್ನ ನಡುವಿನ ತೂತು ಮುಚ್ಚಿಸಿ, ಬೆರಳಷ್ಟು ಪಕ್ಕಕ್ಕೆ ಹೊಸ ತೂತು ಕೊರೆಸಿದ. ಮಾಲು ಹಾಕುವ ಕಡೆಯ ತೋಳು ಗಿಡ್ಡವಾಯಿತು, ತೂಕದ ಕಲ್ಲು ಇಡುವ ಕಡೆಯದು ಉದ್ದವಾಯಿತು. ಯಾರಿಗೂ ತಿಳಿಯಬಾರದೆಂದು ಮಾಲಿನ ಪರಡಿಯ ಅಡಿಗೆ ಸೀಸ ಬೆಸೆಸಿದ. ಬರಿದಾಗಿದ್ದಾಗ ಸಮನಾಗಿ ನಿಲ್ಲುತ್ತಿದ್ದೆ. ಮಾಲು ಬಿದ್ದರೆ ಕಡಿಮೆ ತೋರಿಸುತ್ತಿದ್ದೆ.

ಸಂತೆಗೆ ಕಾಯಿ ತರುತ್ತಿದ್ದ ಫಕ್ಕೀರವ್ವನಿಗೆ ಮಾತ್ರ ಅನುಮಾನ ಬಂತು. ಸೊಸೈಟಿಯಲ್ಲಿ ತೂಗಿಸಿ ತಂದ ಆಕೆಯ ಚೀಲದ ತೂಕ ನನ್ನ ಮೇಲೆ ಕಡಿಮೆಯಾಗಿಬಿಟ್ಟಿತ್ತು.

“ಸಾವ್ಕಾರ್ರ, ಪರಡಿ ಬದಲ್ ಮಾಡ್ರಿ. ಕಲ್ಲು ಈ ಕಡೆ ಇಡ್ರಿ, ಕಾಯಿ ಆ ಕಡೆ.”

“ದಾರಿಯಾಗ ನೀನ ತಿಂದಿರಬೇಕಬೇ. ಮೊದ್ಲ ನೀರು ಕುಡಿ, ಹೋಗು,” ಅಂದ ಸಾವ್ಕಾರ.

ಸಂತೆಯೆಲ್ಲ ನಕ್ಕಿತು. ಅಂದಿನಿಂದ ಆಕೆಗೆ ‘ಕಾಯಿ ತಿನ್ನಾಕಿ’ ಎಂದೇ ಹೆಸರು ಬಿತ್ತು. ಆಕೆ ಏನು ಹೇಳಿದರೂ ಸುಳ್ಳು. ಬೀಗರು ಕೂಡ ನಂಬಲಿಲ್ಲ.

ಆಮೇಲೆ ಸಾವ್ಕಾರ ಚುನಾವಣೆಗೆ ನಿಂತ. ಗುರುತು ಯಾವುದು? ತಕ್ಕಡಿ. ನನ್ನನ್ನು ತೊಳೆದು, ಅರಿಶಿನ ಹಚ್ಚಿ, ಜೀಪಿನ ಮೇಲೆ ಮೆರೆಸಿದರು. ‘ನ್ಯಾಯದ ತಕ್ಕಡಿಗೆ ನಿಮ್ಮ ಓಟು’ ಎಂದು ಮೈಕು ಕೂಗುತ್ತಿತ್ತು. ನನಗೆ ಹಲ್ಲಿದ್ದರೆ ಅದರ ವೈರು ಕಡಿಯುತ್ತಿದ್ದೆ.

ಪ್ರಚಾರದ ಕೊನೆಗೆ ಊರ ಅಗಸಿ ಬಾಗಿಲ ಮುಂದೆ ಸಾವ್ಕಾರನಿಗೆ ಬೆಲ್ಲದ ತುಲಾಭಾರ. ಗುರುತಿನ ತಕ್ಕಡಿಯೇ ಇರಲಿ ಎಂದು ನನ್ನನ್ನೇ ಕಟ್ಟಿದರು. ಸಾವ್ಕಾರ ಹೋಗಿ ಕೂತದ್ದು ತೂಕದ ಕಲ್ಲು ಇಡುವ ಪರಡಿಯಲ್ಲಿ. ಅಲ್ಲಿ ಕೂತರೆ ತನ್ನ ತೂಕ ಹೆಚ್ಚು ಕಾಣುತ್ತದೆ ಎಂದು ಅವನಿಗೆ ಗೊತ್ತು. ಮಾಲಿನ ಪರಡಿಗೆ ಬೆಲ್ಲದ ಪೆಂಟೆಯ ಮೇಲೆ ಪೆಂಟೆ ಬಿತ್ತು. ಕೊನೆಗೆ ಮುಳ್ಳು ನಿಂತಾಗ ಜನ ಚಪ್ಪಾಳೆ ಹೊಡೆದರು.

ಫಕ್ಕೀರವ್ವ ಎದ್ದು ನಿಂತಳು. “ಸಾವ್ಕಾರ್ರ ತೂಕ ಎರಡೂ ಕಡೆ ಒಂದ ಇರಬೇಕಲ್ಲ? ಪರಡಿ ಬದಲ್ ಮಾಡ್ರಿ. ನನ್ನ ಕಾಯಿ ಕುಂತಲ್ಲಿ ಅವರೂ ಒಮ್ಮೆ ಕುಂಡ್ರಲಿ.”

“ಏ, ಸಾಕ್ ಬಿಡಬೇ,” ಅಂದ ಸಾವ್ಕಾರ, ಇಳಿಯುತ್ತ. ಆದರೆ ಅವನ ಹಿಂಬಾಲಕರಿಗೆ ತೂತಿನ ವಿಷಯ ಗೊತ್ತಿರಲಿಲ್ಲ. “ಕುಂಡ್ರಿ ಅಣ್ಣಾರ, ಈಕಿ ಬಾಯಿ ಮುಚ್ಚಿಸೂಣು” ಎಂದು ಮಾಲಿನ ಪರಡಿಯಲ್ಲಿ ಎತ್ತಿಯೇ ಕೂಡಿಸಿದರು. ಅದೇ ಬೆಲ್ಲವನ್ನು ಕಲ್ಲಿನ ಕಡೆ ಪೇರಿಸಿದರು.

ಬೆಲ್ಲ ಧೊಪ್ಪೆಂದು ನೆಲಕ್ಕೆ ಕೂತಿತು. ಸಾವ್ಕಾರ ಮೇಲೆ ನೇತಾಡಿದ, ಕಾಲು ಬಡಿಯುತ್ತ.

“ಕುಂತಲ್ಲೇ ಕರಗಿದ್ರಲ್ಲರಿ ಸಾವ್ಕಾರ್ರ,” ಅಂದಳು ಫಕ್ಕೀರವ್ವ. “ಈ ಸಲ ನಾ ಏನೂ ತಿಂದಿಲ್ಲ ನೋಡ್ರಿ.”

ಯಾರೂ ನಗಲಿಲ್ಲ. ಒಬ್ಬೊಬ್ಬರಿಗೂ ತಮ್ಮ ತಮ್ಮ ಚೀಲ ನೆನಪಾಯಿತು.

ಹಾಗಂತ ಅವನು ಸೋಲಲಿಲ್ಲ. ದೂರದ ಊರುಗಳ ಓಟು ಗೆಲ್ಲಿಸಿತು. ಗೆದ್ದವನೇ ‘ಹಾಳು ತಕ್ಕಡಿ’ ಎಂದು ನನ್ನನ್ನು ಗುಜರಿಗೆ ಎಸೆದ. ಇಲ್ಲಿನ ಗೋಡೆಗೆ ಅವನ ಪೋಸ್ಟರ್ ಇನ್ನೂ ಅಂಟಿಕೊಂಡಿದೆ. ಆ ಚಿತ್ರದಲ್ಲಿ ನನ್ನ ಮುಳ್ಳು ನಟ್ಟನಡುವೆಯೇ ಇದೆ.

ನಾನು ನಾಚುವುದಿಲ್ಲ. ನನ್ನ ನಡು ಸರಿಸಿದವನು ನಾಚಲಿ. ಈಗ ಸಂತೆಯಲ್ಲಿ ಚೀಲ ತಂದವರು “ಅವ್ವಾ, ನೀ ಬಂದು ನೋಡು” ಎಂದು ಫಕ್ಕೀರವ್ವನನ್ನು ಕರೆಯುತ್ತಾರಂತೆ. ನನಗೆ ಅಷ್ಟು ಸಾಕು.

ಇನ್ನು ನನ್ನನ್ನು ಕರಗಿಸಲು ಒಯ್ಯುತ್ತಾರೆ. ಒಯ್ಯಿರಿ. ತೂಗಿಯೇ ಒಯ್ಯಿರಿ. ಮೊದಲು ಪರಡಿ ಬದಲಿಸಿ ನೋಡಿ.