ಕತ್ತರಿಸದ ಹಾಡುಗಳು

ಅಪ್ಪನ ಬೆರಳುಗಳಿಗೆ ಸದಾ ಅತಿಯಾಗಿ ಕಳಿತ ಬಾಳೆಹಣ್ಣಿನ ವಾಸನೆ ಇರುತ್ತಿತ್ತು. ಮನೆಯಲ್ಲಿ ಹಣ್ಣಿರಲಿ ಬಿಡಲಿ, ಅವರು ಕಲಸಿ ಕೊಟ್ಟ ಮೊಸರನ್ನದ ತುತ್ತಿನಲ್ಲೂ, ಜ್ವರ ಬಂದಾಗ ನನ್ನ ಹಣೆಯ ಮೇಲಿಟ್ಟ ಅಂಗೈಯಲ್ಲೂ ಅದು ಇದ್ದೇ ಇರುತ್ತಿತ್ತು. ಆ ವಾಸನೆ ಹಣ್ಣಿನದಲ್ಲ, ಹರಿದ ಸಿನಿಮಾ ರೀಲನ್ನು ಅಂಟಿಸುವ ದ್ರಾವಣದ್ದು ಎಂದು ತಿಳಿಯುವ ಹೊತ್ತಿಗೆ ನಾನು ಶಾಲೆಗೆ ಹೋಗುತ್ತಿದ್ದೆ. ಈಗಲೂ ಮೊಮ್ಮಗಳು ಉಗುರುಬಣ್ಣದ ಶೀಷೆಯ ಮುಚ್ಚಳ ತೆಗೆದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಇದ್ದಕ್ಕಿದ್ದ ಹಾಗೆ ಹಸಿವಾಗುತ್ತದೆ.

ಅಪ್ಪನ ಹೆಸರು ಕಾಳಾಚಾರ್. ಊರಿಗಿದ್ದ ಒಂದೇ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಎಲ್ಲರಿಗೂ ಅವರು ‘ಆಪರೇಟರ್ ಆಚಾರ್ರು’. ಸಣ್ಣ ಊರುಗಳ ಟಾಕೀಸುಗಳಲ್ಲಿ ಆಗ ಹಾಡು ಕತ್ತರಿಸುವುದು ಮಾಮೂಲಾಗಿತ್ತು. ಕೊನೆಯ ಬಸ್ಸು ತಪ್ಪಬಾರದೆಂದೋ, ಕರೆಂಟು ಹೋಗಿ ಆಟ ತಡವಾಯಿತೆಂದೋ ಆಪರೇಟರುಗಳು ಒಂದೆರಡು ಹಾಡನ್ನು ಹಾರಿಸಿಬಿಡುತ್ತಿದ್ದರು. ಆ ತುಂಡುಗಳನ್ನು ಹೊರಗೆ ಮಾರಿಕೊಳ್ಳುವವರೂ ಇದ್ದಾರೆಂಬ ಮಾತಿತ್ತು. ಅಪ್ಪ ಮಾತ್ರ ಎಂದೂ ರೀಲಿಗೆ ಕತ್ತರಿ ತಾಗಿಸಿದವರಲ್ಲ. “ಹರಿದದ್ದನ್ನ ಅಂಟಿಸೋದು ನನ್ನ ಕೆಲಸ. ಇರೋದನ್ನ ಹರಿಯೋದಲ್ಲ” ಎನ್ನುತ್ತಿದ್ದರು. ಅವರಿಗಿದ್ದ ಹೆಮ್ಮೆ ಅದೊಂದೇ.

ಟಾಕೀಸಿನ ಎದುರಿಗೆ ಗುರುಪಾದಣ್ಣನ ಅಂಗಡಿ. ರೇಡಿಯೋ ರಿಪೇರಿ ಮಾಡುತ್ತಿದ್ದ, ಕೇಳಿದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ಒಂದು ದಿನ ಅವನ ಅಂಗಡಿಯಿಂದ ನಾವು ಯಾರೂ ಕೇಳದಂಥ ಸಂಗೀತ ರಸ್ತೆಗೆ ಬಂದು ಬಿದ್ದಿತು. ಮೊದಲು ಗಿಟಾರೊಂದು ತನ್ನಷ್ಟಕ್ಕೆ ಗೊಣಗುತ್ತಿತ್ತು. ಆಮೇಲೆ ಯಾರೋ ಬಾಗಿಲು ಒದ್ದು ಒಳಗೆ ಬಂದ ಹಾಗೆ ಡ್ರಮ್ಮು. ಅದರ ಮೇಲೆ ಒಬ್ಬ ಗಂಡಸು, ಹಾಡುತ್ತಿದ್ದಾನೋ ಜಗಳವಾಡುತ್ತಿದ್ದಾನೋ ತಿಳಿಯದ ಹಾಗೆ ಕೂಗುತ್ತಿದ್ದ. ಅದಕ್ಕೆ ರಾಕ್ ಎನ್ನುತ್ತಾರೆಂಬುದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಅಮ್ಮ ಕೇಳಿ, “ಅಟ್ಟದಿಂದ ಪಾತ್ರೆ ಉರುಳಿದಂಗೆ ಐತೆ” ಎಂದಳು. ಸಂಜೆ ರುಬ್ಬುವಾಗ ಅದನ್ನೇ ಗುನುಗಿದಳು.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಒಂದು ಇಂಗ್ಲಿಷ್ ಸಿನಿಮಾದ ಚಿತ್ರವಿತ್ತು. ಉದ್ದ ಕೂದಲಿನ ಒಬ್ಬ ಮೋಟರ್ ಬೈಕಿಗೆ ಒರಗಿ ನಿಂತಿದ್ದ. ಹತ್ತು ಹನ್ನೆರಡು ಹಾಡುಗಳು. ಎಲ್ಲವೂ ಆ ಒಂದೇ ಸಿನಿಮಾದವು ಎಂದು ಊರು ತಿಳಿಯಿತು. ನಮ್ಮ ಸಿನಿಮಾಗಳಲ್ಲಿ ಐದಾರು ಹಾಡಿದ್ದರೆ ಹೆಚ್ಚು. ಇಷ್ಟೊಂದು ಹಾಡುಗಳಿರುವ ಸಿನಿಮಾ ಎಷ್ಟು ದೊಡ್ಡದಿರಬೇಕು ಎಂದು ಜನ ಬೆರಗಾದರು. ಹಿಟ್ಟಿನ ಗಿರಣಿಯಲ್ಲಿ, ಹೋಟೆಲಿನಲ್ಲಿ, ದರ್ಜಿ ನಾಗೋಜಿಯ ಅಂಗಡಿಯಲ್ಲಿ ಎಲ್ಲೆಲ್ಲೂ ಅದೇ ಕ್ಯಾಸೆಟ್ಟು. ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಕತೆಯನ್ನು ನಾವೇ ಕಟ್ಟಿಕೊಂಡೆವು.

ನಾಗೋಜಿ ಹೊಲಿಗೆ ಯಂತ್ರ ತುಳಿಯುತ್ತ ವಿವರಿಸುತ್ತಿದ್ದ. “ಮೊದಲ್ನೇ ಹಾಡ್ನಾಗೆ ಹೀರೋ ಮನೆ ಬಿಟ್ಟು ಹೊಂಟ. ಬೈಕ್ ಸ್ಟಾರ್ಟ್ ಆಗೋದು ಕೇಳ್ತದಲ್ಲ? ಎರಡ್ನೇದ್ರಾಗೆ ಅವನವ್ವ ಅಳ್ತಾಳೆ.”

“ಅಲ್ಲಪ್ಪಾ, ಮುಂದಿನ ಹಾಡ್ನಾಗೆ ಹೀರೋನ ದನೀನೇ ಬೇರೆ ಐತಲ್ಲ?” ಎಂದು ಯಾರಾದರೂ ಕೇಳಿದರೆ ಅದಕ್ಕೂ ಅವನಲ್ಲಿ ಉತ್ತರವಿತ್ತು.

“ಅಷ್ಟೊತ್ತಿಗೆ ಸಿಗರೇಟು ಸೇದಿ ಸೇದಿ ಗಂಟ್ಲು ಹಾಳಾಗಿರ್ತದೆ ಕಣಯ್ಯಾ. ಪ್ರೀತಿ ಕೆಟ್ಟೋಗೈತೆ, ಸೇದ್ದೆ ಇನ್ನೇನು ಮಾಡ್ತಾನೆ?”

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಒಂದು ಹಾಡು ಮುಗಿದು ಇನ್ನೊಂದು ತೊಡಗುವ ಮೊದಲು ಟೇಪು ಸುಯ್ ಎನ್ನುತ್ತಿದ್ದ ಆ ಖಾಲಿ ಜಾಗ. ಸಿನಿಮಾ ಇದ್ದದ್ದು ಅಲ್ಲೇ. ನಾಗೋಜಿಯ ಸಿನಿಮಾ, ಅಮ್ಮನ ಸಿನಿಮಾ, ನನ್ನದು, ಎಲ್ಲವೂ ಆ ಸುಯ್ಯೆನ್ನುವ ಕತ್ತಲಲ್ಲಿ ನಡೆಯುತ್ತಿದ್ದವು.

ಕೊನೆಗೆ ಟಾಕೀಸಿನ ಸಾಹುಕಾರರು ಆ ಸಿನಿಮಾವನ್ನೇ ತರಿಸಿದರು. ಹೊದಿಕೆಯ ಮೇಲಿದ್ದ ಅದೇ ಉದ್ದ ಕೂದಲಿನವನ ಪೋಸ್ಟರು ಊರೆಲ್ಲ ಮೆತ್ತಿಕೊಂಡಿತು. ಮೊದಲ ಆಟಕ್ಕೆ ಕಾಲಿಡಲು ಜಾಗವಿರಲಿಲ್ಲ. ನಾನು ಹೆಂಗಸರ ಕಡೆ ಅಮ್ಮನ ಪಕ್ಕದಲ್ಲಿ ಕುಳಿತಿದ್ದೆ.

ಸಿನಿಮಾ ಶುರುವಾಯಿತು. ಉದ್ದ ಕೂದಲಿನವನು ಮಾತಾಡಿದ, ಸುಮ್ಮನೆ ಕುಳಿತ, ಕಾಫಿ ಕುಡಿದ. ಮತ್ತೆ ಮಾತಾಡಿದ. ಬಹಳ ಹೊತ್ತಿನ ಮೇಲೆ ಒಂದು ಹಾಡು ಬಂತು. ಅದೂ ಪೂರ್ತಿಯಲ್ಲ, ಅರ್ಧ. ಶಿಳ್ಳೆ ಹೊಡೆದವರು ಬಾಯಿಂದ ಬೆರಳು ತೆಗೆಯುವಷ್ಟರಲ್ಲಿ ಮುಗಿದಿತ್ತು. ಇಂಟರ್ವಲ್ ಆಯಿತು. ಉಳಿದ ಹಾಡುಗಳೆಲ್ಲ ಆಮೇಲೆ ಬರುತ್ತವೆ ಎಂದು ಜನ ಸಮಾಧಾನ ಮಾಡಿಕೊಂಡರು. ಆಮೇಲೂ ಬರಲಿಲ್ಲ. ಪರದೆ ಬೆಳ್ಳಗಾದಾಗ ಎಲ್ಲರೂ ಒಂದು ಗಳಿಗೆ ತೆಪ್ಪಗೆ ಕುಳಿತಿದ್ದರು, ಬೇರೆ ಯಾರದೋ ಮನೆಗೆ ಊಟಕ್ಕೆ ಬಂದುಬಿಟ್ಟಿದ್ದೇವೋ ಎಂಬ ಹಾಗೆ.

ನಾಗೋಜಿಯೇ ಎದ್ದು ಕೂಗಿದ. “ಹಾಡೆಲ್ಲ ಕಟ್ ಮಾಡವ್ನೆ ಕಣ್ರೋ!”

ಆ ಒಂದು ಮಾತು ಸಾಕಾಯಿತು. ಕುರ್ಚಿಗಳು ಉರುಳಿದವು. ಕ್ಯಾಬಿನ್ನಿಗೆ ಹತ್ತುವ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಗುಂಪು ಸೇರಿತು. “ಇಳ್ಕೊಂಡು ಬಾರಯ್ಯಾ ಆಚಾರಿ! ನಮ್ಮ ಹಾಡು ಯಾವನಿಗೆ ಮಾರ್ಕೊಂಡೆ?” ಎಂದು ಒಬ್ಬ. “ಕಳ್ಳ!” ಎಂದು ಇನ್ನೊಬ್ಬ. ನಾನು ಅಮ್ಮನ ಕೈ ತಪ್ಪಿಸಿಕೊಂಡು ಅತ್ತ ಓಡಿದೆ. ಹೆಂಗಸರ ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದ ಸಿದ್ದಮ್ಮ ನನ್ನನ್ನು ಹಿಡಿದು ಸೆರಗಿನೊಳಗೆ ಎಳೆದುಕೊಂಡಳು. ಕಿವಿಗಳ ಮೇಲೆ ತನ್ನ ಎರಡೂ ಕೈ ಒತ್ತಿದಳು. ಅಪ್ಪನನ್ನು ಅವರು ಇನ್ನೂ ಏನೇನು ಅಂದರೋ, ನನಗೆ ಕೇಳದೇ ಹೋಯಿತು. ಆ ಹೆಂಗಸಿಗೆ ನಾನು ಇಂದಿಗೂ ಋಣಿ.

ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. “ನಾನು ಕತ್ತರಿಸಿಲ್ಲ” ಎಂದು ಹೇಳಿದರು, ಮತ್ತೆ ಅದನ್ನೇ ಹೇಳಿದರು. ಸಾಹುಕಾರರು ಬಂದು ಜನರನ್ನು ಹೊರಗೆ ಕಳಿಸಿದ ಮೇಲೆ ಅಪ್ಪನ ಕಡೆ ತಿರುಗಿದರು.

“ನಿಜ ಹೇಳ್ಬಿಡಿ ಆಚಾರ್ರೇ. ಅಷ್ಟು ಹಾಡು ಎಲ್ಲಿ ಹೋದ್ವು?”

“ಬಂದ ರೀಲು ಬಂದಂಗೆ ಓಡ್ಸಿದೀನಿ ಸ್ವಾಮಿ.”

“ಹಂಗಾದ್ರೆ ಹಾಡು ಏನು ಕಾಲು ಬಂದು ನಡ್ಕೊಂಡು ಹೋದ್ವಾ? ನಾಳೆ ಮ್ಯಾಟ್ನಿಗೆ ಹಾಡು ಬರ್ಬೇಕು. ಇಲ್ದಿದ್ರೆ ಕ್ಯಾಬಿನ್ ಕೀಲಿ ನನ್ನ ಟೇಬಲ್ ಮೇಲೆ ಇಟ್ಟು ಹೋಗಿ.”

ಮರುದಿನ ಬೆಳಿಗ್ಗೆಯೇ ಅಪ್ಪ ಕ್ಯಾಬಿನ್ನಿಗೆ ಹೊರಟರು. ನಾನೂ ಹಿಂದೆ ಹೋದೆ. ಒಂದೊಂದೇ ರೀಲನ್ನು ಬಿಚ್ಚಿ, ಫಿಲ್ಮಿನ ಅಂಚನ್ನು ಬೆರಳುಗಳ ನಡುವೆ ಜಾರಿಸುತ್ತ ಹೋದರು. ಎಲ್ಲಿಯಾದರೂ ಕತ್ತರಿಸಿ ಅಂಟಿಸಿದ್ದರೆ ಬೆರಳಿಗೆ ಗಂಟು ಸಿಗಬೇಕು. ಸಿಗಲಿಲ್ಲ. ಅವರು ಮತ್ತೆ ಮೊದಲಿನಿಂದ ತೊಡಗಿದರು. ನನಗೂ ಹಿಡಿಯಲು ಹೇಳಿದರು, ತಮ್ಮ ಬೆರಳ ಮೇಲೇ ನಂಬಿಕೆ ಹೋದವರ ಹಾಗೆ. ಫಿಲ್ಮು ನುಣ್ಣಗೆ ಹರಿಯಿತು.

“ನಿಂಗೇನಾದ್ರೂ ಸಿಕ್ತೇನವ್ವಾ?”

“ಇಲ್ಲಪ್ಪ.”

“ನಂಗೂ ಇಲ್ಲ” ಎಂದು ರೀಲುಗಳನ್ನು ಎಣಿಸತೊಡಗಿದರು. ಎಣಿಸುತ್ತಲೇ, “ನಾನೇ ಎಲ್ಲಾದ್ರೂ ಒಂದು ರೀಲು ಮರ್ತು ಬಿಟ್ನಾ?” ಎಂದು ನನ್ನನ್ನೇ ಕೇಳಿದರು. ಅಷ್ಟು ದೊಡ್ಡವರು ಹಾಗೆ ಕೇಳಿದಾಗ ನಾನು ಮತ್ತೆ ಫಿಲ್ಮಿನ ಅಂಚು ಹಿಡಿದು ಮೊದಲಿನಿಂದ ಜಾರಿಸತೊಡಗಿದೆ.

ಆಗ ಬಾಗಿಲಲ್ಲಿ ಗುರುಪಾದಣ್ಣ ಕಾಣಿಸಿಕೊಂಡ. ಕಂಕುಳಲ್ಲಿ ಟೇಪ್ ರೆಕಾರ್ಡರು, ಕೈಯಲ್ಲಿ ವೈರಿನ ಸುರುಳಿ. ಒಳಗೆ ಬರದೆ ಅಲ್ಲೇ ನಿಂತ.

“ಆಚಾರ್ರೇ, ಹಾಡು ಇದ್ರಾಗೆ ಐತಲ್ಲ. ಪಿಕ್ಚರ್ ಅದರ ಪಾಡಿಗೆ ಓಡ್ತಿರ್ಲಿ. ನಡುನಡುವೆ ಇದನ್ನ ಬಿಡಾನ. ಸ್ಪೀಕರ್‌ಗೆ ಜೋಡ್ಸಿ ಕೊಡ್ತೀನಿ.”

ಅಪ್ಪ ಅವನನ್ನು ತುಂಬ ಹೊತ್ತು ನೋಡಿದರು. “ಎಲ್ಲೆಲ್ಲಿ ಬಿಡೋದು?”

“ಅದು ನಿಮಗೆ ತಿಳೀತದೆ.”

ಮ್ಯಾಟಿನಿಗೆ ನಾನು ಕ್ಯಾಬಿನ್ನಿನ ಕಿಂಡಿಯಿಂದಲೇ ನೋಡಿದೆ. ಉದ್ದ ಕೂದಲಿನವನು ರಸ್ತೆಗಿಳಿದ ಕೂಡಲೇ ಅಪ್ಪ ಕಣ್ಣು ಸನ್ನೆ ಮಾಡಿದರು. ಗುರುಪಾದಣ್ಣ ಗುಂಡಿ ಒತ್ತಿದ. ಗಿಟಾರು ಗೊಣಗಿತು, ಡ್ರಮ್ಮು ಬಾಗಿಲು ಒದೆಯಿತು. ಟಾಕೀಸು ಎದ್ದು ನಿಂತಿತು. ಮುದುಕಿಯೊಬ್ಬಳು ಕಿಟಕಿಯ ಹೊರಗೆ ನೋಡುವ ಕಡೆ ತಾಯಿಯ ಹಾಡು. ಹೀರೋ ಕಾಫಿ ಕುಡಿಯುವ ಕಡೆ ಪ್ರೀತಿ ಕೆಟ್ಟ ಹಾಡು. ಅವನ ತುಟಿ ಅಲುಗದಿದ್ದರೂ ಯಾರಿಗೂ ಬೇಸರವಾಗಲಿಲ್ಲ. “ಮನಸ್ನಾಗೇ ಹಾಡ್ಕೊಳ್ತಾವ್ನೆ” ಎಂದು ನಾಗೋಜಿ ಅಕ್ಕಪಕ್ಕದವರಿಗೆ ಬಿಡಿಸಿ ಹೇಳುತ್ತಿದ್ದುದು ಕ್ಯಾಬಿನ್ನಿಗೂ ಕೇಳಿಸಿತು. ಹಾಡಿನ ಅಡಿಯಲ್ಲಿ ಇಂಗ್ಲಿಷ್ ಮಾತುಗಳು ಮುಳುಗಿ ಹೋದವು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಸಿನಿಮಾ ವಾರಗಟ್ಟಲೆ ಓಡಿತು. ಪಕ್ಕದ ಊರುಗಳಿಂದಲೂ ಜನ ಬಂದರು. ಆ ರೀಲು ಮುಂಚೆ ಓಡಿದ್ದ ಬೇರೆ ಊರಿನ ಟಾಕೀಸಿನವರು ಕದ್ದ ಹಾಡುಗಳನ್ನು ನಮ್ಮ ಆಚಾರ್ರು ಹುಡುಕಿ ತಂದು ಜೋಡಿಸಿದರು ಎಂಬ ಮಾತು ಹುಟ್ಟಿತು. ನಾಗೋಜಿ ಅಪ್ಪನಿಗೆ ಒಂದು ಅಂಗಿ ಹೊಲಿದು ಕೊಟ್ಟ, ಕ್ಷಮೆ ಕೇಳಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಅಪ್ಪ ಅದನ್ನು ತೊಟ್ಟರು. ಆದರೆ ಅವರ ಮುಖದಲ್ಲಿ ನಾನು ಕಾಯುತ್ತಿದ್ದ ಗೆಲುವು ಬರಲಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ಮಾತಿನ ನಡುವೆ ನಿಂತುಬಿಡುತ್ತಿದ್ದರು. ಗುರುಪಾದಣ್ಣ ಆಮೇಲೆ ಕ್ಯಾಬಿನ್ನಿನ ಮೆಟ್ಟಿಲು ಹತ್ತಲಿಲ್ಲ. ರಸ್ತೆಯಲ್ಲಿ ಅಪ್ಪ ಎದುರಾದರೆ ತಲೆ ತಗ್ಗಿಸಿ ನಮಸ್ಕಾರ ಮಾಡಿ ಸರಿದುಬಿಡುತ್ತಿದ್ದ. ಕಾಪಾಡಿದವನು ಯಾಕೆ ಹೀಗೆ ತಪ್ಪಿಸಿಕೊಳ್ಳುತ್ತಾನೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ವರ್ಷಗಳು ಕಳೆದು ನಾನು ಕಾಲೇಜಿಗೆಂದು ದೊಡ್ಡ ಊರಿಗೆ ಹೋದೆ. ಅಲ್ಲಿ ಅದೇ ಸಿನಿಮಾ ಮತ್ತೆ ಬಂದಿತ್ತು. ಹಾಸ್ಟೆಲಿನ ಗೆಳತಿ ಫ್ಲೋರಿನ್‌ಳನ್ನು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅದೇ ಒಂದು ಹಾಡು, ಅದೂ ಅರ್ಧ. ನಾನು ಕುಳಿತಲ್ಲಿಂದಲೇ, “ಹಾಡು ಕಟ್ ಮಾಡಿದ್ದಾರೆ!” ಎಂದುಬಿಟ್ಟೆ. ಅಕ್ಕಪಕ್ಕದವರು ತಿರುಗಿ ನೋಡಿದರು.

“ಯಾವ ಹಾಡೇ?” ಎಂದಳು ಫ್ಲೋರಿನ್. ನಾನು ಒಂದೊಂದಾಗಿ ಗುನುಗಿ ತೋರಿಸಿದೆ. ಅವಳು ನಕ್ಕು ನಕ್ಕು ಸುಸ್ತಾದಳು. ಭಾನುವಾರ ತನ್ನ ಮನೆಗೆ ಕರೆದೊಯ್ದು ಅಣ್ಣನ ರೆಕಾರ್ಡುಗಳನ್ನು ಹರವಿದಳು. “ಇದು ಕಾರ್ ರೇಸ್ ಸಿನಿಮಾದ್ದು. ಇದು ಯುದ್ಧದ್ದು. ಇದು, ಅಯ್ಯೋ, ಇದು ತಮಾಷೆ ಸಿನಿಮಾದ್ದು ಕಣೇ!” ನಮ್ಮ ಊರಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದ ತಾಯಿಯ ಹಾಡು ಒಂದು ಕಾರನ್ನು ಹೊಗಳಿ ಕಟ್ಟಿದ್ದಾಗಿತ್ತು.

ಆಮೇಲೆ ಆ ಸಿನಿಮಾಗಳಲ್ಲಿ ಸಿಕ್ಕವನ್ನೆಲ್ಲ ನೋಡಿದೆ. ಪ್ರತಿಯೊಂದರಲ್ಲೂ ಹಾಡು ತಪ್ಪು ಜಾಗದಲ್ಲಿದೆ ಎಂದೇ ಅನ್ನಿಸಿತು. ಯಾವುದು ಸರಿಯಾದ ಜಾಗ ಎಂದು ಈಗಲೂ ನನಗೆ ಗೊಂದಲವೇ. ಬೇರೆ ಬೇರೆ ಮನೆಗಳಿಂದ ಬಂದ ಆ ಹಾಡುಗಳು ಒಂದು ಕ್ಯಾಸೆಟ್ಟಿನಲ್ಲಿ ಅಕ್ಕಪಕ್ಕ ಕುಳಿತು ನೆಂಟರಾಗಿಬಿಟ್ಟಿದ್ದವು.

ಆದರೆ ಅಂದು ನನ್ನ ತಲೆಗೆ ಹೊಕ್ಕ ವಿಚಾರ ಬೇರೆ. ಹಾಡುಗಳನ್ನು ಆಯ್ದು ತುಂಬಿಸಿದವನು ಗುರುಪಾದಣ್ಣ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಪ್ಪನನ್ನು ಕಳ್ಳ ಎಂದು ಕೂಗುವಾಗ ಅವನು ರಸ್ತೆಯ ಆಚೆ ನಿಂತು ಕೇಳಿಸಿಕೊಂಡಿರಬೇಕು.

ರಜೆಗೆ ಊರಿಗೆ ಬಂದವಳೇ ನೇರ ಕ್ಯಾಬಿನ್ನಿಗೆ ಹೋದೆ. ಅಪ್ಪ ರೀಲು ಅಂಟಿಸುತ್ತಿದ್ದರು. ಅದೇ ಬಾಳೆಹಣ್ಣಿನ ವಾಸನೆ.

“ಅಪ್ಪಾ, ಆ ಪಿಕ್ಚರ್‌ನಲ್ಲಿ ಇದ್ದಿದ್ದೇ ಒಂದು ಹಾಡು. ಗುರುಪಾದಣ್ಣಂಗೆ ಗೊತ್ತಿತ್ತು.”

ಅವರು ತಲೆ ಎತ್ತಲಿಲ್ಲ. “ಅವತ್ತು ಈ ಬಾಗ್ಲಲ್ಲೇ ನಿಂತ್ನಲ್ಲ, ಒಳಗೆ ಕಾಲಿಡ್ಲಿಲ್ಲ. ಹಾಡು ಎಲ್ಲಿ ಹೋದ್ವು ಅಂತ ಊರೆಲ್ಲ ಕೇಳ್ತು, ಅವನೊಬ್ನೇ ಕೇಳ್ಲಿಲ್ಲ. ಆಗ್ಲೇ ತಿಳೀತು.”

“ತಿಳಿದೂ ಯಾಕಪ್ಪಾ ಸುಮ್ಮನಿದ್ರಿ?”

“ಹೇಳಿದ್ರೆ ಜನ ನನ್ನ ಮೆಟ್ಲು ಇಳ್ದು ಅವನ ಅಂಗಡಿ ಮೆಟ್ಲು ಹತ್ತೋರು.” ಅಂಟಿಸಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. “ಆದ್ರೂ ಒಂದು ತಿಳೀಲಿಲ್ಲ ನೋಡು. ಇರೋದನ್ನ ಕತ್ತರಿಸೋದು ತಪ್ಪು ಅಂತಿದ್ದೆ. ಇಲ್ದೇ ಇರೋದನ್ನ ಸೇರ್ಸಿದ್ನಲ್ಲ, ಅದೇನು?”

ನಾನು ಅಂಟಿನ ಶೀಷೆಯ ಮುಚ್ಚಳ ಹಾಕಿ ಅವರ ಪಕ್ಕಕ್ಕೆ ಸರಿಸಿದೆ.

ಮಧ್ಯಾಹ್ನ ಅಪ್ಪ ಒಂದು ಫ್ಯೂಸಿನ ತಂತಿ ತರಲು ಗುರುಪಾದಣ್ಣನ ಅಂಗಡಿಗೆ ಕಳಿಸಿದರು. “ಅವನ ಹತ್ರ ಆ ಮಾತು ಎತ್ತಬೇಡ” ಎಂದಿದ್ದರು. ನಾನು ಎತ್ತುವವಳಿರಲಿಲ್ಲ. ಗುರುಪಾದಣ್ಣನೇ ರೇಡಿಯೋ ಬಿಚ್ಚುತ್ತ, “ಅಲ್ಲಿ ಇಂಗ್ಲಿಷ್ ಪಿಕ್ಚರ್‌ಗೆಲ್ಲ ಹೋಗ್ತೀಯೇನವ್ವಾ?” ಎಂದು ಕೇಳಿದ.

“ಒಂದಕ್ಕೆ ಹೋಗಿದ್ದೆ. ಆ ಪಿಕ್ಚರ್‌ಗೇ.”

ಅವನ ಕೈಯ ಸ್ಕ್ರೂಡ್ರೈವರ್ ನಿಂತಿತು.

“ಯಾರೋ ಇದು ಯಾವ ಪಿಕ್ಚರ್ದು ಅಂತ ಕೇಳಿದ್ರವ್ವಾ. ಅಂದಕ್ಕೆ ಅಂತ ಹೊದಿಕೆಗೆ ಅಂಟ್ಸಿದ್ದ ಚಿತ್ರ ತೋರ್ಸಿದೆ. ಆಮೇಲೆ ಊರೆಲ್ಲ ಅದನ್ನೇ ಹೇಳ್ತು. ಒಂದೊಂದ್ಸಲ ನಂಗೂ ಅದೇ ನಿಜ ಅನ್ನುಸ್ತಿತ್ತು. ಅವತ್ತು ಬಾಯಿ ಬಿಡಾಕೆ ಹೋದೆ, ಗುಂಪು ನೋಡಿ ಹಿಂದಕ್ಕೆ ಬಂದ್ಬಿಟ್ಟೆ.” ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದ. “ಆಚಾರ್ರಿಗೆ ಹೇಳ್ದೇನು?”

“ಅವರಿಗೆ ಗೊತ್ತಿತ್ತಂತೆ. ನೀವು ವೈರು ತಗೊಂಡು ಬಂದಾಗಲೇ.”

ಗುರುಪಾದಣ್ಣ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಅವನ ಹೆಂಡತಿ ಕಳಿಸಿದ್ದ ಊಟದ ಡಬ್ಬಿ, ಬಟ್ಟೆಯ ಗಂಟು ಬಿಚ್ಚದೆ ಹಾಗೆಯೇ, ಮೂಲೆಯ ಸ್ಟೂಲಿನ ಮೇಲಿತ್ತು. ಅದನ್ನು ಎತ್ತಿಕೊಂಡು ಅಂಗಡಿಯನ್ನು ತೆರೆದೇ ಬಿಟ್ಟು ರಸ್ತೆ ದಾಟಿದ. ನಾನು ತಂತಿ ಹಿಡಿದು ಹಿಂದೆ ನಡೆದೆ.

ಮೆಟ್ಟಿಲ ಮೇಲಿನ ಬಾಗಿಲಲ್ಲಿ ಅವನು ಅಂದಿನ ಹಾಗೆಯೇ ತಡೆದು ನಿಂತ. ಅಪ್ಪ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದ ಖಾಲಿ ರೀಲುಗಳನ್ನು ಸರಿಸಿ ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದರು. ಗುರುಪಾದಣ್ಣ ಒಳಗೆ ಬಂದು ಎರಡೂ ಕೈಯಿಂದ ಡಬ್ಬಿಯನ್ನು ಚಾಚಿದ. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು, ಇನ್ನೂ ಬೆಚ್ಚಗಿದ್ದ ಆ ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡರು.